ಪಂಕ್ತಿಯ ಕೊನೆಯಲ್ಲಿ ಹುಳಿಗಾಡಿ ತಿರುಗಬೇಕು

ಈ ಕಥೆಯನ್ನು ಮಂಡಿಯಿಂದ ಶುರುಮಾಡಲೋ, ಗಾಡಿಯಿಂದ ಶುರುಮಾಡಲೋ, ಗೋಡೆಯಿಂದ ಶುರುಮಾಡಲೋ ಎಂದು ನಾಲ್ಕು ದಿನ ಯೋಚಿಸಿದೆ. ಗೋಡೆ ಬರುವುದು ಸಾಲಿನ ಕೊನೆಗೆ, ಹಾಗಾಗಿ ಅದು ಬೇಡ. ಗಾಡಿಯಿಂದ ಶುರುಮಾಡಿದರೆ ಇದೇನೋ ವಿಜ್ಞಾನ ಲೇಖನ ಎಂದುಕೊಂಡು ನೀವು ಪುಟ ಮಗುಚುತ್ತೀರಿ. ಉಳಿದದ್ದು ಮಂಡಿ. ನಲವತ್ತು ದಾಟಿದ ಓದುಗರಿಗೆ ಅದರ ಬಗ್ಗೆ ವಿವರಣೆಯೇ ಬೇಕಾಗಿಲ್ಲ, ನನಗೂ ಅಷ್ಟು ಕೆಲಸ ಕಡಿಮೆ.

೧

ಸೀತಾರಾಮ, ವಯಸ್ಸು ಐವತ್ತಾರು, ಊರು ಕಿಗ್ಗ. ಶೃಂಗೇರಿ, ಕೊಪ್ಪದ ಕಡೆಯ ಮದುವೆ ಮುಂಜಿಗಳಿಗೆ ಅಡುಗೆ ವಹಿಸಿಕೊಳ್ಳುವ ಶಂಕರನಾರಾಯಣನ ತಂಡದಲ್ಲಿ ಮೂವತ್ತು ವರ್ಷದಿಂದ ಹುಳಿ ಬಡಿಸುತ್ತಾನೆ. ಹುಳಿ ಮಾತ್ರ. ಅನ್ನವನ್ನು ಯಾರು ಬೇಕಾದರೂ ಬಡಿಸಬಹುದು. ಹುಳಿಯವನು ಎಲೆ ನೋಡಬೇಕು, ಮುಖ ನೋಡಬೇಕು, ಸೌಟನ್ನು ತಳಕ್ಕಿಳಿಸಿ ಹೋಳು ಎತ್ತಬೇಕೋ ಮೇಲಿನ ರಸ ಸಾಕೋ ಎಂದು ನಿಂತ ನಿಲುವಿನಲ್ಲೇ ತೀರ್ಮಾನಿಸಬೇಕು. ಬೇಡ ಎಂದು ಎಲೆಗೆ ಕೈ ಅಡ್ಡ ಹಿಡಿದವರಲ್ಲಿ ನಿಜವಾಗಿ ಬೇಡದವರು ಯಾರು, ಇನ್ನೊಮ್ಮೆ ಕೇಳಲಿ ಎಂದು ಕಾಯುತ್ತಿರುವವರು ಯಾರು ಎಂಬುದು ಸೀತಾರಾಮನಿಗೆ ಬೆರಳು ನೋಡಿದರೆ ತಿಳಿಯುತ್ತದೆ.

ಹೋದ ಏಪ್ರಿಲ್‌ನಲ್ಲಿ (ಇಸವಿ ಎರಡು ಸಾವಿರದ ಏಳು ಎಂದಿಟ್ಟುಕೊಳ್ಳಿ, ಏಕೆ ಎಂದು ಕೇಳಬೇಡಿ, ನನ್ನ ಹತ್ತಿರ ಇದ್ದ ಕ್ಯಾಲೆಂಡರ್ ಅದು) ಒಂದು ಮುಂಜಿಮನೆಯಲ್ಲಿ, ಸಾಲಿನ ಕೊನೆಗೆ ಹೋಗಿ, ತುಂಬಿದ ಬಕೆಟ್ಟಿನೊಂದಿಗೆ ಗೋಡೆಯ ಹತ್ತಿರ ತಿರುಗುವಾಗ ಅವನ ಬಲಮಂಡಿ ಕಳಕ್ ಎಂದಿತು. ಬಕೆಟ್ಟು ಕೆಳಗಿಟ್ಟ. ಅದರ ಪಕ್ಕದಲ್ಲೇ ಕೂತುಬಿಟ್ಟ. ಒಂದಿಡೀ ಸಾಲು ಜನ ಬರೀ ಅನ್ನ ನೋಡಿಕೊಂಡು ಕೂತಿದ್ದರು.

ಶಂಕರನಾರಾಯಣ ಕೆಟ್ಟವನಲ್ಲ. ಸಂಜೆ ಪಾತ್ರೆ ಕವುಚಿಡುವ ಹೊತ್ತಿಗೆ ಪಕ್ಕದಲ್ಲಿ ಕೂತು ಹೇಳಿದ: “ಮೇ ತಿಂಗಳಲ್ಲಿ ಕೊಪ್ಪದಲ್ಲಿ ಒಂದು ಮದುವೆ ಇದೆ. ಅಲ್ಲಿ ಒಂದು ಪಂಕ್ತಿ ನೋಡ್ತೆ. ಪಂಕ್ತಿ ಏಳೋ ತನಕ ಸುಸೂತ್ರ ಬಡಿಸಿದ್ಯಾ, ಸೈ. ಇಲ್ದಿದ್ರೆ ಮಾರನೆ ದಿನದಿಂದ ಹಿಂದೆ ಕೂತು ತರಕಾರಿ ಹೆಚ್ಚು ಮಾರಾಯ. ಆರಾಮಿನ ಕೆಲಸ.”

ಹಿಂದೆ ಎಂದರೆ ಅಡುಗೆಯ ಶೆಡ್ಡು. ಅಲ್ಲಿಂದ ಎಲೆ ಕಾಣುವುದಿಲ್ಲ, ಮುಖ ಕಾಣುವುದಿಲ್ಲ.

ಇಷ್ಟು ಬರೆಯುವಷ್ಟರಲ್ಲಿ ಸೀತಾರಾಮ ಬಾಗಿಲು ತಟ್ಟದೆ ನನ್ನ ಕೋಣೆಗೆ ಬಂದ. (ನಾನು ಬರೆಯುವುದು ಕೊಪ್ಪದಲ್ಲಿ, ಒಂದು ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ. ಹದಿನೆಂಟು ಮೆಟ್ಟಿಲು. ಪಾಪ, ಆ ಮಂಡಿಯಲ್ಲಿ ಹತ್ತಿ ಬಂದಿದ್ದ.)

“ಈ ನೋವು ನಂಗೆ ಇರಲೇ ಇಲ್ಲ,” ಎಂದ. “ನೀವು ಕೊಟ್ಟದ್ದು.”

“ಕಥೆಗೆ ಬೇಕಾಗಿತ್ತು.”

“ಕಥೆಗೆ ಬೇಕಾದ್ರೆ ನಿಮ್ಮ ಮಂಡಿಗೆ ಇಟ್ಕಳಿ. ಮತ್ತೆ ಎಂತಕ್ಕೆ ಏಕವಚನ? ಮೂವತ್ತು ವರ್ಷದಲ್ಲಿ ಮದುವೆ ಗಂಡುಗಳೂ ನಂಗೆ ಹೋಗು, ಬಾ ಅಂದಿಲ್ಲ.”

ಏಕವಚನದ ವಿಷಯದಲ್ಲಿ ಅವರು ಹೇಳಿದ್ದು ನ್ಯಾಯ. ಇಲ್ಲಿಂದ ಮುಂದೆ ಬಹುವಚನ. ಮಂಡಿಯನ್ನು ಮಾತ್ರ ನಾನು ಬಿಟ್ಟುಕೊಡಲಿಲ್ಲ. ಅದನ್ನೂ ಬಿಟ್ಟುಕೊಟ್ಟರೆ ನನ್ನ ಹತ್ತಿರ ಉಳಿಯುವುದು ಒಂದು ಕ್ಯಾಲೆಂಡರ್ ಅಷ್ಟೇ.

೨

ಸೀತಾರಾಮರ ತಂಗಿಯ ಮಗಳು ಭಾರ್ಗವಿ ಮೆಕ್ಯಾನಿಕಲ್ ಡಿಪ್ಲೊಮಾದ ಕೊನೆಯ ವರ್ಷದಲ್ಲಿದ್ದಳು. ಮಾವ ಹಿಂದೆ ಕೂತು ತರಕಾರಿ ಹೆಚ್ಚುತ್ತಾರೆ ಎಂಬ ಸುದ್ದಿ ಕೇಳಿ ಆಕೆ ಊಟ ಬಿಟ್ಟಳು ಎಂದು ಮೊದಲ ಕರಡಿನಲ್ಲಿ ಬರೆದಿದ್ದೆ. ಆಕೆ ಅದನ್ನು ಓದಿ, “ಊಟ ಎಂತಕ್ಕೆ ಬಿಡ್ಲಿ? ಉಂಡೇ ಡ್ರಾಯಿಂಗ್ ಹಾಕಿದ್ದು,” ಎಂದಳು. ತಿದ್ದಿದ್ದೇನೆ. ಆಕೆ ಚೆನ್ನಾಗಿ ಉಂಡು, ಒಂದು ಗಾಡಿಯ ಡ್ರಾಯಿಂಗ್ ಹಾಕಿದಳು.

ನಾಲ್ಕು ರಬ್ಬರ್ ಚಕ್ರ. ಒಂದೊಂದು ಚಕ್ರಕ್ಕೆ ಗುಜರಿ ಕಾರಿನ ಒಂದೊಂದು ವೈಪರ್ ಮೋಟರ್. ಒಂದು ಬ್ಯಾಟರಿ. ಮೇಲೆ ಹುಳಿಯ ಸ್ಟೀಲ್ ಪಾತ್ರೆ. ಉದ್ದದ ವೈರಿನ ತುದಿಯಲ್ಲಿ ಎರಡು ಸ್ವಿಚ್ಚಿನ ರಿಮೋಟು: ಒಂದು ಎಡಗಡೆಯ ಚಕ್ರಗಳಿಗೆ, ಇನ್ನೊಂದು ಬಲಗಡೆಯವಕ್ಕೆ. ಗಾಡಿ ಹುಳಿ ಹೊತ್ತು ಮುಂದೆ ಹೋಗುತ್ತದೆ, ಮಾವ ಬರೀ ಸೌಟು ಹಿಡಿದು ಹಿಂದೆ ನಡೆಯುತ್ತಾರೆ, ಭಾರ್ಗವಿ ಬಾಗಿಲ ಬಳಿ ನಿಂತು ಸ್ವಿಚ್ಚು ಒತ್ತುತ್ತಾಳೆ.

ಇದನ್ನು ಬೆಸೆದುಕೊಟ್ಟದ್ದು ನರಸಿಂಹರಾಜಪುರದಲ್ಲಿ ವೆಲ್ಡಿಂಗ್ ಶಾಪ್ ಇಟ್ಟಿದ್ದ ಪ್ರಸನ್ನಕುಮಾರ್. ಕೆಲಸಕ್ಕಿಂತ ಆತನ ಪ್ರಶ್ನೆಗಳು ಜಾಸ್ತಿ.

“ಸ್ಟೇರಿಂಗ್ ಎಲ್ಲಿ ಕೂರಿಸ್ಲಿ?”

“ಸ್ಟೇರಿಂಗ್ ಇಲ್ಲ, ಪ್ರಸನ್ನಣ್ಣ.”

“ಮತ್ತೆ ತಿರುಗೋದು ಹೆಂಗೆ?”

“ಎಡಗಡೆ ಎರಡು ಚಕ್ರ ಮುಂದಕ್ಕೆ, ಬಲಗಡೆ ಎರಡು ಹಿಂದಕ್ಕೆ. ಆಗ ಇಡೀ ಗಾಡಿ ನಿಂತಲ್ಲೇ ಬಲಕ್ಕೆ ತಿರುಗುತ್ತೆ. ರಸ್ತೆ ಕೆಲಸಕ್ಕೆ ಒಂದು ಗಿಡ್ಡ ಲೋಡರ್ ಬಂದಿತ್ತಲ್ಲ, ಹಂಗೆ.”

“ಅದು ತಿರುಗಿದ ಕಡೆ ನೆಲ ಕೆತ್ತಿ ಹೋಗಿತ್ತು ಮಾರಾಯ್ತಿ.”

“ಚಕ್ರ ಉರುಳಿದ್ರೆ ಸಾಕಾಗಲ್ಲ, ಅಡ್ಡ ಜಾರ್ಲೂಬೇಕು. ಅದಕ್ಕೇ ಕೆತ್ತೋದು.”

(ಓದುಗರು ಕೈ ಎತ್ತಿದ್ದಾರೆ. ಹೇಳಿ. “ಗೋಡೆ ಬಂದಾಗ ಹಾಗೇ ರಿವರ್ಸ್ ಬಂದರಾಯಿತಲ್ಲ, ತಿರುಗುವುದೇಕೆ?” ಗಾಡಿಗೇನೋ ರಿವರ್ಸ್ ಸುಲಭ. ಆದರೆ ಅದರ ಹಿಂದೆ ಸೀತಾರಾಮರು ಇದ್ದಾರೆ. ಗಾಡಿ ಹಿಂದಕ್ಕೆ ಬಂದರೆ ಅವರೂ ಹಿಮ್ಮುಖವಾಗಿ ನಡೆಯಬೇಕು, ಎರಡಡಿ ದಾರಿಯಲ್ಲಿ, ಎರಡೂ ಪಕ್ಕ ಎಲೆ. ಉಣ್ಣುವವರ ಎಲೆಗೆ ಕಾಲು ತಗುಲಿದರೆ ಆಮೇಲೆ ಅವರಿಗೆ ಮಂಡಿಯಿದ್ದೂ ಪ್ರಯೋಜನವಿಲ್ಲ. ಇನ್ನೊಬ್ಬರು ಕೇಳುತ್ತಿದ್ದಾರೆ: “ಆಫೀಸು ಕುರ್ಚಿಗೆ ಇರುವಂಥ, ಎತ್ತ ಬೇಕಾದರೂ ಹೊರಳುವ ಗಾಲಿ ಹಾಕಬಹುದಿತ್ತಲ್ಲ?” ಹಾಕಬಹುದಿತ್ತು. ಪ್ರಸನ್ನಕುಮಾರನೂ ಅದನ್ನೇ ಹೇಳಿದ. ಹಾಕಿದ್ದರೆ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದ್ದರಿಂದ ಆ ದಿನ ಅವನ ಅಂಗಡಿಯಲ್ಲಿ ಅಂಥ ಗಾಲಿ ಇರಲಿಲ್ಲ. ಇರದಂತೆ ನೋಡಿಕೊಂಡವನು ನಾನು.)

೩

ಪರೀಕ್ಷೆ ಭಾರ್ಗವಿಯ ಮನೆಯ ಜಗಲಿಯಲ್ಲಿ. ಹಳೆಯ ಪೇಪರನ್ನು ಎಲೆಯ ಹಾಗೆ ಎರಡು ಸಾಲು ಹಾಸಿದರು. ನಡುವೆ ಎರಡಡಿ ದಾರಿ. ಕೊನೆಯ ಎಲೆಗೂ ಗೋಡೆಗೂ ನಡುವೆ ಮೂರಡಿ ಜಾಗ. ದಾರಿ ಕಿರಿದು ಎಂದು ಭಾರ್ಗವಿ ಗಾಡಿಯನ್ನು ಒಂದಡಿ ಅಗಲ, ಎರಡಡಿ ಉದ್ದ ಮಾಡಿಸಿದ್ದಳು. ಹುಳಿ ತುಳುಕಬಾರದು ಎಂದು ಪಾತ್ರೆಯನ್ನು ಟೇಪು ಹಿಡಿದು ಅಳೆದು ನಟ್ಟ ನಡುವೆ ಕೂರಿಸಿದ್ದಳು. ಅವತ್ತಿನ ಮಟ್ಟಿಗೆ ಪಾತ್ರೆಯಲ್ಲಿ ನೀರು.

ಗಾಡಿ ನೆಟ್ಟಗೆ ಹೋಯಿತು. ಮದುಮಗಳ ಹಾಗೆ ಹೋಯಿತು. ಗೋಡೆಯ ಹತ್ತಿರ ನಿಂತಿತು. ಭಾರ್ಗವಿ ಒಂದು ಸ್ವಿಚ್ಚು ಮುಂದಕ್ಕೆ, ಒಂದು ಹಿಂದಕ್ಕೆ ಒತ್ತಿದಳು.

ಗಾಡಿ ಗುರ್ ಎಂದಿತು. ನಡುಗಿತು. ನಿಂತಲ್ಲೇ ನಾಲ್ಕು ಸಲ ಕುಪ್ಪಳಿಸಿತು. ಕಾವಿ ನೆಲದ ಮೇಲೆ ಕಪ್ಪು ಗೀರು ಎಳೆಯಿತು. ತಿರುಗಲಿಲ್ಲ. ಪಾತ್ರೆಯ ನೀರಿನಲ್ಲಿ ಅರ್ಧ ಮಾತ್ರ ಪಾತ್ರೆಯಲ್ಲಿತ್ತು, ಉಳಿದರ್ಧ ಸೀತಾರಾಮರ ಪಂಚೆಯಲ್ಲಿತ್ತು.

ಕಾರಣವನ್ನು ನಾನು ಹೇಳುತ್ತೇನೆ, ಓದಿಕೊಂಡು ಬಂದಿದ್ದೇನೆ. ಗಾಡಿ ಉದ್ದವಾದಷ್ಟೂ ತಿರುಗುವಾಗ ಅದರ ಚಕ್ರಗಳು ಹೆಚ್ಚು ಅಡ್ಡ ಜಾರಬೇಕು. ಅಗಲ ಕಡಿಮೆಯಾದಷ್ಟೂ ಗಾಡಿಯನ್ನು ತಿರುಗಿಸುವ ಎಡ ಬಲದ ತಳ್ಳಾಟಕ್ಕೆ ಹಿಡಿತ ಕಡಿಮೆ. ಗಿಡ್ಡ ಲೋಡರ್ ಗಿಡ್ಡವಾಗಿಯೂ ಅಗಲವಾಗಿಯೂ ಇರುವುದು ಅದಕ್ಕೇ. ನಮ್ಮ ಹುಡುಗಿ ಎಲೆಸಾಲನ್ನು ನೋಡಿ ಗಾಡಿ ಮಾಡಿದ್ದಳು, ಗಾಡಿಯನ್ನು ನೋಡಿ ಗಾಡಿ ಮಾಡಿರಲಿಲ್ಲ.

ಭಾರ್ಗವಿ ಜಗಲಿಯ ಕಂಬಕ್ಕೆ ಒರಗಿ ಕಣ್ಣೊರೆಸಿಕೊಂಡಳು.

“ಅತ್ತಿಲ್ಲ ನಾನು. ಸ್ಕ್ರೂಡ್ರೈವರ್ ಹುಡುಕ್ತಿದ್ದೆ.”

ಭಾರ್ಗವಿ ಜಗಲಿಯ ಕಂಬದ ಹಿಂದೆ ಸ್ಕ್ರೂಡ್ರೈವರ್ ಹುಡುಕಿದಳು. ಬಹಳ ಹೊತ್ತು ಹುಡುಕಿದಳು, ಮೂಗು ಏರಿಸಿಕೊಳ್ಳುತ್ತ ಹುಡುಕಿದಳು. (ಇಷ್ಟಕ್ಕೆ ಒಪ್ಪಿಕೊಂಡಿದ್ದಾಳೆ.)

೫

(ನಾಲ್ಕನೆಯದನ್ನು ಹರಿದು ಹಾಕಿದೆ. ಅದರಲ್ಲಿ ಪ್ರಸನ್ನಕುಮಾರ್ ಬಂದು ಇನ್ನೂ ದೊಡ್ಡ ಮೋಟರ್ ಹಾಕುತ್ತಿದ್ದ, ಗಾಡಿ ಗೋಡೆ ಒಡೆದುಕೊಂಡು ಪಕ್ಕದ ಮನೆಗೆ ಹೋಗುತ್ತಿತ್ತು. ನಗು ಬರುತ್ತಿತ್ತು, ಆದರೆ ಪಕ್ಕದ ಮನೆಯ ತ್ರಿಪುರಸುಂದರಮ್ಮ ತಾನು ಕಥೆಯಲ್ಲಿ ಬರುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದರು.)

ಪಂಚೆ ಹಿಂಡಿಕೊಂಡು ಬಂದ ಸೀತಾರಾಮರನ್ನು ಭಾರ್ಗವಿ ಕೇಳಿದಳು: “ಮಾವ, ನೀವು ಇಷ್ಟು ವರ್ಷ ಗೋಡೆ ಹತ್ರ ಹೆಂಗೆ ತಿರುಗ್ತಿದ್ರಿ?”

“ಎಂತ ಪ್ರಶ್ನೆ ಕೂಸೇ. ತಿರುಗ್ತಿದ್ದೆ ಅಷ್ಟೆ.”

“ತೋರ್ಸಿ.”

ಅವರು ಖಾಲಿ ಬಕೆಟ್ಟು ಹಿಡಿದು ನಿಂತರು. ಕಾಲುಗಳನ್ನೇ ನೋಡಿಕೊಂಡರು. ಮೂವತ್ತು ವರ್ಷ ಮಾಡಿದ್ದನ್ನು ಮೊದಲ ಸಲ ನೋಡುತ್ತಿದ್ದರು. ಬಕೆಟ್ಟನ್ನು ಎಡಗಡೆಗೆ ತಂದರು, ಮೈಯನ್ನು ಎಡಗಾಲಿನ ಮೇಲೆ ಬಿಟ್ಟರು, ಬಲಗಾಲಿನ ಹೆಬ್ಬೆರಳು ನೆಲ ಸವರುತ್ತ ಅರ್ಧ ಸುತ್ತು ಬಂತು. ಮಂಡಿ ತುಟಿಪಿಟಕ್ ಎನ್ನಲಿಲ್ಲ.

“ಎರಡೂ ಕಾಲಿಗೆ ಸಮ ಭಾರ ಹಾಕಿ ತಿರುಗಿದ್ರೆ ಮಂಡಿ ತಿರುಚ್ತದೆ,” ಎಂದರು ನಿಧಾನವಾಗಿ. “ಭಾರ ಪೂರಾ ಒಂದಕ್ಕೇ ಕೊಡಬೇಕು. ಇನ್ನೊಂದು ಹಗೂರ ಆಯ್ತು ಅಂದ್ರೆ ತನ್ನಷ್ಟಕ್ಕೆ ಜಾರ್ಕಂಡು ಬರ್ತದೆ.”

“ಮತ್ತೆ ಆ ದಿನ ಎರಡೂ ಕಾಲಿಗೆ ಎಂತಕ್ಕೆ ಭಾರ ಹಾಕಿದ್ರಿ?”

ಸೀತಾರಾಮರು ನನ್ನ ಕಡೆ ನೋಡಿದರು. “ಇವರನ್ನೇ ಕೇಳು.”

ನಾನು ಪೆನ್ನಿನ ಕ್ಯಾಪು ಹುಡುಕತೊಡಗಿದೆ.

ಭಾರ್ಗವಿ ಮಾತ್ರ ಆಗಲೇ ಗಾಡಿಯ ಮುಂದೆ ಕೂತಿದ್ದಳು. ನಟ್ಟ ನಡುವೆ ಇದ್ದ ಪಾತ್ರೆಯನ್ನು ಬಿಚ್ಚಿ ಹಿಂದಿನ ಎರಡು ಚಕ್ರಗಳ ನೇರ ಮೇಲಕ್ಕೆ ತಂದಳು. ಬ್ಯಾಟರಿಯನ್ನೂ ಅಲ್ಲೇ ಕಟ್ಟಿದಳು. ಮತ್ತೆ ನೀರು ತುಂಬಿಸಿ ಸ್ವಿಚ್ಚು ಒತ್ತಿದಳು. ಹಿಂದಿನ ಚಕ್ರಗಳು ಭಾರ ಹೊತ್ತು ಇದ್ದ ಜಾಗದಲ್ಲೇ ಹೊರಳಿದವು. ಹಗುರವಾದ ಮೂತಿ ನೆಲ ಸವರಿಕೊಂಡು, ಹೆಬ್ಬೆರಳ ಹಾಗೆಯೇ, ಅರ್ಧ ಸುತ್ತು ಬಂದು ನಿಂತಿತು. ಪಾತ್ರೆ ತಿರುಗುವಿಕೆಯ ನಡುವಿಗೇ ಇದ್ದುದರಿಂದ ಒಂದು ಹನಿ ನೀರು ಹೊರಗೆ ಬರಲಿಲ್ಲ.

“ನನ್ನ ಹಾಗೇ ತಿರುಗ್ತದಲ್ಲೇ ಇದು,” ಎಂದರು ಸೀತಾರಾಮರು. ಅವರಿಗೆ ಸಂತೋಷವಾಗಿತ್ತು. ನನಗೂ ಆಯಿತು, ಅದರಲ್ಲಿ ನನ್ನ ಪಾಲು ಏನೂ ಇಲ್ಲದಿದ್ದರೂ.

೬

ಕೊಪ್ಪ. ಮೇ ತಿಂಗಳ ಮದುವೆ. ಮೊದಲ ಪಂಕ್ತಿ, ಎರಡು ಸಾಲು, ಸಾಲಿಗೆ ಮೂವತ್ತು ಎಲೆ. ತೋರಣ ಕಟ್ಟುವ ಕೊಕ್ಕೆಗಳಿಗೆ ಸಿಕ್ಕಿಸಿದ ವೈರು ಮೇಲಿನಿಂದ ಇಳಿದು ಗಾಡಿಯನ್ನು ಸೇರಿತ್ತು. ಭಾರ್ಗವಿ ರಿಮೋಟು ಹಿಡಿದು ಬಾಗಿಲಲ್ಲಿ. ಪಕ್ಕದಲ್ಲಿ ಶಂಕರನಾರಾಯಣ, ಹೆಗಲ ಮೇಲೆ ಕೈ ಒರೆಸುವ ಬೈರಾಸ, ಮುಖದಲ್ಲಿ ಏನೂ ಇಲ್ಲ.

“ಹುಳಿ... ಹುಳಿ...” ಎನ್ನುತ್ತ ಸೀತಾರಾಮರು ಹೊರಟರು. ಸೌತೆಕಾಯಿ ಹುಳಿ. ಜನ ಮೊದಲು ಗಾಡಿ ನೋಡಿದರು, ಆಮೇಲೆ ಎಲೆ ನೋಡಿದರು, ಆಮೇಲೆ ಎರಡನೇ ಸಲ ಬಡಿಸಿಕೊಳ್ಳುವ ನೆಪದಲ್ಲಿ ಮತ್ತೆ ಗಾಡಿ ನೋಡಿದರು. ಗೋಡೆಯ ಹತ್ತಿರ ಸೀತಾರಾಮರು ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ಗಾಡಿ ತಿರುಗಿತು. ಎಡಗಾಲಿಗೆ ಭಾರ ಕೊಟ್ಟು ಅವರೂ ತಿರುಗಿದರು. ಇಬ್ಬರೂ ವಾಪಸು ಹೊರಟರು. ಯಾರೋ ಹಿರಿಯರು, “ಬಡಿಸೋ ಕ್ರಮ ಅಂದ್ರೆ ಇದು,” ಎಂದರು. ಸೀತಾರಾಮರು ಅದನ್ನು ಕೇಳಿಸಿಕೊಳ್ಳದವರ ಹಾಗೆ ನಡೆದರು, ಆದರೆ ಕೇಳಿಸಿಕೊಂಡಿದ್ದರು. ಅನ್ನ ಮತ್ತೊಮ್ಮೆ ಬಂತು, ಹುಳಿ ಮತ್ತೊಮ್ಮೆ ಹೋಯಿತು, ಪಾಯಸ ಬಂತು, ಬೇಕಾದವರಿದ್ದರೆ ಎಂದು ಹುಳಿ ಕೊನೆಯ ಸಲ ಹೊರಟಿತು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಎಲ್ಲ ಸುಸೂತ್ರ ನಡೆದರೆ ನಿಮಗೆ ಬೇಜಾರಾಗುತ್ತದೆ ಎಂದು ಹೆದರಿ, ಭಾರ್ಗವಿಯ ಕೈಗೆ ಒಂದು ಲೋಟ ಪಾಯಸ ಕೊಡಿಸಿದೆ. ಆಕೆ ಕುಡಿದು, ಬೆರಳು ನೆಕ್ಕಿ, ಅದೇ ಬೆರಳಲ್ಲಿ ಸ್ವಿಚ್ಚು ಒತ್ತಿದಳು. ಬೆಲ್ಲದ ಪಾಯಸ. ಗೋಡೆಯ ಹತ್ತಿರ ಗಾಡಿ ತಿರುಗಲು ಶುರುಮಾಡಿದ ಹೊತ್ತಿಗೆ ಸರಿಯಾಗಿ ಎರಡೂ ಸ್ವಿಚ್ಚು ಕಚ್ಚಿಕೊಂಡವು.

ಅರ್ಧ ಸುತ್ತು. ಒಂದು ಸುತ್ತು. ಎರಡು. ಗಾಡಿ ನಿಲ್ಲಲಿಲ್ಲ. ಪಾತ್ರೆ ಮಾತ್ರ ಇದ್ದಲ್ಲೇ ಗಂಭೀರವಾಗಿ ತನ್ನ ಸುತ್ತ ತಾನು ತಿರುಗುತ್ತಿತ್ತು, ಹುಳಿ ಅಲುಗುತ್ತಿರಲಿಲ್ಲ. ಗಾಡಿಯ ಮೂತಿಯೊಂದೇ ಗರಗರ ಸುತ್ತುತ್ತಿತ್ತು. ಕೊನೆಯ ಎಲೆಯವರು ಅದೇ ಹೊತ್ತಿಗೆ “ಸ್ವಲ್ಪ ಹುಳಿ” ಎಂದರು. ಕೇಳಿದವರಿಗೆ ಇಲ್ಲ ಎನ್ನಲು ಗೊತ್ತಿಲ್ಲದ ಮನುಷ್ಯ ಸೀತಾರಾಮರು. ಗಾಡಿಯ ಮೂತಿ ಬಂದಾಗ ಬಲಗಾಲು ಎತ್ತಿದರು, ಹೋದಾಗ ಇಳಿಸಿದರು, ನಡುವೆ ಸೌಟನ್ನು ತಳಕ್ಕಿಳಿಸಿ ಹೋಳು ಎತ್ತಿದರು, ಬಡಿಸಿದರು. ಮತ್ತೆ ಕಾಲೆತ್ತಿದರು. ಪಂಕ್ತಿಗೆ ಪಂಕ್ತಿಯೇ ಕೈ ಬಾಯಿಗೆ ಒಯ್ಯುವುದನ್ನು ಮರೆತಿತ್ತು.

ಮೂರು ಸುತ್ತಾದ ಮೇಲೆ ವೈರು ಪಾತ್ರೆಯ ಕುತ್ತಿಗೆಗೆ ಸುತ್ತಿಕೊಂಡು ಬಿಗಿಯಿತು. ಭಾರ್ಗವಿ ಕಚ್ಚಿಕೊಂಡ ಸ್ವಿಚ್ಚುಗಳನ್ನು ಉಗುರಲ್ಲಿ ಮೀಟಿ ಬಿಡಿಸಿದಳು. ಗಾಡಿ ನಿಂತಿತು. ಇನ್ನು ವೈರು ಬಿಚ್ಚಬೇಕಾದರೆ ಎಡಕ್ಕೆ ಅಷ್ಟೇ ಸುತ್ತು ತಿರುಗಬೇಕು. ಮಜ್ಜಿಗೆಯವನು ಆಗಲೇ ಹೊರಟಿದ್ದಾನೆ. ಶಂಕರನಾರಾಯಣ ಹೆಗಲ ಬೈರಾಸ ತೆಗೆದು ಕೈಗೆ ಸುತ್ತಿಕೊಳ್ಳುತ್ತಿದ್ದಾನೆ. ಅದು ಒಳ್ಳೆಯದರ ಸೂಚನೆಯೋ ಕೆಟ್ಟದ್ದರದ್ದೋ ನನಗೆ ಗೊತ್ತಿಲ್ಲ.

ಮುಕ್ತಾಯ ಒಂದು

ಶಂಕರನಾರಾಯಣ ಬಂದು ಸೀತಾರಾಮರನ್ನು ಅಪ್ಪಿಕೊಂಡ.

“ಅವ ಅಪ್ಪಿಕೊಳ್ಳೋ ಜನ ಅಲ್ಲ,” ಎಂದರು ಸೀತಾರಾಮರು. ಹೊಡೆದುಹಾಕಿದೆ.

ಮುಕ್ತಾಯ ಎರಡು

ಎಡಕ್ಕೆ ತಿರುಗುವಾಗ ಗಾಡಿ ಮಗುಚಿ, ಹುಳಿ ಪೂರ್ತಿ ಬೀಗರ ರೇಷ್ಮೆ ಶಲ್ಯದ ಮೇಲೆ.

“ಭಾರ ಹಿಂದಿನ ಚಕ್ರದ ಮೇಲಿದೆ, ಮಗುಚಲ್ಲ,” ಎಂದಳು ಭಾರ್ಗವಿ. “ಸುಳ್ಳು ಬರೀಬೇಡಿ.” ಅದನ್ನೂ ಹೊಡೆದುಹಾಕಿದೆ.

ಮುಕ್ತಾಯ ಮೂರು

ಇದು ನನ್ನ ತಪ್ಪಿಗೆ ನಾನು ಕೊಡಬಹುದಾದ ಪರಿಹಾರ. ಸೀತಾರಾಮರನ್ನು ಗೋಡೆಯ ಬದಿಗೆ ಕರೆದು ಹೇಳಿದೆ: “ಒಂದೇ ಸಾಲು ಬರೆದರೆ ಮಂಡಿ ಸರಿಹೋಗುತ್ತದೆ. ನೀವು ಮೊದಲಿನ ಹಾಗೆ ಬಕೆಟ್ಟು ಹಿಡಿದು ನಡೆಯಬಹುದು. ಬರೆಯಲಾ?”

ಅವರು ಸೌಟಿನಿಂದ ಹುಳಿಯನ್ನು ಸುಮ್ಮನೆ ಕಲಕಿದರು. ಬಾಗಿಲಲ್ಲಿ ವೈರು ಹಿಡಿದು ನಿಂತ ಹುಡುಗಿಯನ್ನು ನೋಡಿದರು.

“ಮಂಡಿ ಸರಿಯಾದ್ರೆ ಈ ಗಾಡಿನ ಗುಜರಿಗೆ ಹಾಕ್ತಾರೆ,” ಎಂದರು. “ಬೇಡ. ನೋವು ನಂಗೇ ಇರ್ಲಿ, ಅಭ್ಯಾಸ ಆಗ್ತದೆ. ಆದ್ರೆ ಒಂದು ಕೇಳ್ತೆ. ಈ ಪಂಕ್ತಿ ಏಳದ ಹಾಗೆ ಮಾಡಕ್ಕೆ ಬರ್ತದಾ?”

ಇಷ್ಟು ಹೊತ್ತು ಆ ಮನುಷ್ಯನ ಮಂಡಿಯಲ್ಲಿ ಆಟವಾಡಿದ್ದಕ್ಕೆ ನನಗೆ ನಾಚಿಕೆಯಾಯಿತು.

ಪಂಕ್ತಿ ಎದ್ದ ಕೂಡಲೆ ಶಂಕರನಾರಾಯಣ ತನ್ನ ತೀರ್ಮಾನ ಹೇಳುತ್ತಾನೆ. ಅದು ಏನೆಂದು ಅವನು ನನಗೆ ಹೇಳಿಲ್ಲ, ನಾನು ಕೇಳುವುದೂ ಇಲ್ಲ. ಆದರೆ ನಮ್ಮ ಕಡೆಯ ಕ್ರಮ ನಿಮಗೆ ಗೊತ್ತಲ್ಲ. ಸಾಲಿನಲ್ಲಿ ಒಬ್ಬರಾದರೂ ಉಣ್ಣುತ್ತಿದ್ದರೆ ಉಳಿದವರು ಏಳುವ ಹಾಗಿಲ್ಲ. ಹಿರಿಯರು ಕೈಯನ್ನು ಎಲೆಯ ಮೇಲೇ ಇಟ್ಟುಕೊಂಡು ಸಾಲಿನುದ್ದಕ್ಕೂ ಕಣ್ಣು ಹಾಯಿಸುತ್ತಾರೆ, ಎಲ್ಲರದೂ ಆಯಿತೇ ಎಂದು. ಈಗ ಹಾಯಿಸುತ್ತಿದ್ದಾರೆ. ಐವತ್ತೊಂಬತ್ತು ಜನರದೂ ಆಗಿದೆ.

ಗೋಡೆಯ ಹತ್ತಿರದ ಕೊನೆಯ ಎಲೆ ನಿಮ್ಮದು. ಇಷ್ಟು ಹೊತ್ತು ಕೂತು ಓದಿದ್ದೀರಿ, ಕಾಲು ಜೋಮು ಹಿಡಿದಿರಬಹುದು. ಆದರೂ ಏಳಬೇಡಿ. ಮಜ್ಜಿಗೆ ಅನ್ನ ಕಲಸಿಕೊಂಡ ಮೇಲೆ ಯಾರೂ ಹುಳಿ ಕೇಳುವುದಿಲ್ಲ, ಕೇಳಿದರೆ ಆಚೀಚೆಯವರು ನಗುತ್ತಾರೆ. ನಗಲಿ. ನಾಚಿಕೆ ಬಿಟ್ಟು ಕೇಳಿ.

ಕೇಳಿದಿರಾ? ಭಾರ್ಗವಿ ಸ್ವಿಚ್ಚು ಒರೆಸಿಕೊಂಡು ಒತ್ತಿದಳು. ಗಾಡಿ ಎಡಕ್ಕೆ ತಿರುಗುತ್ತಿದೆ, ಒಂದು ಸುತ್ತು, ವೈರು ಬಿಚ್ಚಿಕೊಳ್ಳುತ್ತಿದೆ. ಸೀತಾರಾಮರು ಎಡಗಾಲಿಗೆ ಭಾರ ಕೊಟ್ಟು, ಬಲಗಾಲನ್ನು ಹಗುರ ಮಾಡಿಕೊಂಡು, ನಿಮ್ಮ ಎಲೆಯ ಕಡೆಗೆ ಬಾಗಿದ್ದಾರೆ. ಸೌಟು ಪಾತ್ರೆಯಲ್ಲಿದೆ.

“ಹ್ಞಾಂ, ಬಂದೆ. ಹೋಳು ಬೇಕಾ, ರಸ ಸಾಕಾ?”

ಬೇಗ ಹೇಳಬೇಡಿ.